ಆಪತ್ತಿನ ಗಳಿಗೆ, ಅಭ್ಯಾಸದ ದಿನಗಳು

ಮನುಷ್ಯನ ನಿಜವಾದ ಯೋಗ್ಯತೆ ಆಪತ್ಕಾಲದಲ್ಲಿ ಗೊತ್ತಾಗುತ್ತದೆಂಬುದು ಲೋಕರೂಢಿಯ ಮಾತು. ಈ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಗೊತ್ತಾಗುವುದು ಬೇರೆ, ಉಂಟಾಗುವುದು ಬೇರೆ. ಚಿನ್ನದ ಗುಣ ಒರೆಗಲ್ಲಿನ ಮೇಲೆ ತಿಳಿಯುತ್ತದೆಯೇ ಹೊರತು ಒರೆಗಲ್ಲಿನಿಂದ ಹುಟ್ಟುವುದಿಲ್ಲ. ಹಾಗಾದರೆ ಆಪತ್ತಿನ ಗಳಿಗೆಯಲ್ಲಿ ಪ್ರಕಟವಾಗುವ ಧೈರ್ಯ, ಸಮಚಿತ್ತ, ಪರಹಿತಬುದ್ಧಿ ಇವೆಲ್ಲ ಹುಟ್ಟುವುದೆಲ್ಲಿ? ಆ ಕ್ಷಣದ ಸ್ಫೂರ್ತಿಯಲ್ಲಿಯೆ, ಜನ್ಮಜಾತ ಸ್ವಭಾವದಲ್ಲಿಯೆ, ಅಥವಾ ಯಾರೂ ಗಮನಿಸದ ಸಾಮಾನ್ಯ ದಿನಗಳ ಅಭ್ಯಾಸದಲ್ಲಿಯೆ? ಅಭ್ಯಾಸದಲ್ಲಿಯೇ ಹುಟ್ಟುವುದಾದರೆ ಇನ್ನೊಂದು ಪ್ರಶ್ನೆ ತಲೆಯೆತ್ತುತ್ತದೆ: ತರಬೇತಿಯ ಬಲದಿಂದ ಮಾಡಿದ ಒಳ್ಳೆಯ ಕೆಲಸಕ್ಕೆ ಸದ್ಗುಣವೆಂಬ ಹೆಸರು ಸಲ್ಲುತ್ತದೆಯೆ, ಅಥವಾ ಅದು ಕೇವಲ ಯಾಂತ್ರಿಕ ಕ್ರಿಯೆಯೆ?

ಈ ಪ್ರಶ್ನೆ ಪಂಡಿತರ ಚರ್ಚೆಗೆ ಮಾತ್ರ ಮೀಸಲಾದುದಲ್ಲ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನನಿಲ್ದಾಣ ಉದ್ಘಾಟನೆಗೊಂಡು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ ಹೆಸರನ್ನು ಪಡೆಯಿತು. ಅದೇ ವರ್ಷದ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನಗಳು ಬರತೊಡಗಿದವು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟದ ಮನೆಗಳಿಂದ ದೂರದ ಊರುಗಳಿಗೆ ಹೋಗಿ ನೆಲೆಸಿರುವ ಮಕ್ಕಳನ್ನು ನೋಡಲು ಹಿರಿಯರೂ ವಿಮಾನವೇರುವ ಕಾಲ ಬಂದಿದೆ. ವಿಮಾನ ಹೊರಡುವ ಮುನ್ನ ಪರಿಚಾರಕಿಯೊಬ್ಬಳು ನಡುದಾರಿಯಲ್ಲಿ ನಿಂತು, ತುರ್ತು ಬಾಗಿಲುಗಳು ಎಲ್ಲೆಲ್ಲಿವೆ, ಜೀವರಕ್ಷಕ ಅಂಗಿಯನ್ನು ಹೇಗೆ ತೊಡಬೇಕು ಎಂಬುದನ್ನು ಕೈಸನ್ನೆಯಿಂದ ತೋರಿಸುತ್ತಾಳೆ. ನಮ್ಮಲ್ಲಿ ಹೆಚ್ಚಿನವರು ಆಗ ಕಿಟಕಿಯಾಚೆ ನೋಡುತ್ತಿರುತ್ತೇವೆ. ಆ ಎರಡು ಮೂರು ನಿಮಿಷಗಳ ಸನ್ನೆಯ ಹಿಂದೆ ಎಂತಹ ಧರ್ಮ ಅಡಗಿದೆಯೆಂಬುದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

2009ರ ಜನವರಿ 15ರಂದು ಮಧ್ಯಾಹ್ನ ಅಮೆರಿಕದ ನ್ಯೂಯಾರ್ಕ್ ನಗರದ ಲಾಗಾರ್ಡಿಯ ನಿಲ್ದಾಣದಿಂದ ಯು.ಎಸ್. ಏರ್‌ವೇಸ್ ಸಂಸ್ಥೆಯ ಒಂದು ಏರ್‌ಬಸ್ ಎ-320 ವಿಮಾನ ಷಾರ್ಲಟ್ ನಗರಕ್ಕೆ ಹೊರಟಿತು. ಅದರಲ್ಲಿ 150 ಪ್ರಯಾಣಿಕರೂ 5 ಮಂದಿ ಸಿಬ್ಬಂದಿಯೂ ಇದ್ದರು. ಸುಮಾರು 2,800 ಅಡಿ ಎತ್ತರ ಏರುವಷ್ಟರಲ್ಲಿ ಹೆಬ್ಬಾತುಗಳ ಹಿಂಡೊಂದು ಎದುರಾಗಿ, ಹಕ್ಕಿಗಳು ಎಂಜಿನ್‌ಗಳೊಳಗೆ ಸೆಳೆಯಲ್ಪಟ್ಟು, ಎರಡು ಎಂಜಿನ್‌ಗಳೂ ಬಹುತೇಕ ಶಕ್ತಿಯನ್ನು ಕಳೆದುಕೊಂಡವು. ಕೆಳಗೆ ಜನನಿಬಿಡವಾದ ಮಹಾನಗರ. ಹತ್ತಿರದ ನಿಲ್ದಾಣಗಳನ್ನು ತಲಪುವ ಭರವಸೆ ಇಲ್ಲ. ಮುಖ್ಯ ಚಾಲಕ ಚೆಸ್ಲಿ ಸಲೆನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಲು ನಿಶ್ಚಯಿಸಿದರು. ಹಕ್ಕಿಗಳು ಬಡಿದ ಕ್ಷಣದಿಂದ ವಿಮಾನ ನೀರನ್ನು ಮುಟ್ಟುವವರೆಗೆ ಕಳೆದದ್ದು ಸುಮಾರು ಮೂರೂವರೆ ನಿಮಿಷ. ಗಾಳಿಯ ಉಷ್ಣತೆ ಸೊನ್ನೆಗಿಂತ ಕೆಳಗಿತ್ತು. ನೀರಿನ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್. ಆದರೂ 155 ಮಂದಿಯೂ ಬದುಕುಳಿದರು.

ಅಂದಿನ ನ್ಯೂಯಾರ್ಕ್ ರಾಜ್ಯದ ಗವರ್ನರ್ ಇದನ್ನು ಹಡ್ಸನ್ ನದಿಯ ಪವಾಡವೆಂದು ಕರೆದರು. ಜಗತ್ತೂ ಆ ಹೆಸರನ್ನೇ ಹಿಡಿಯಿತು. ದೈವಕೃಪೆಯಲ್ಲಿ ನಂಬಿಕೆಯುಳ್ಳ ನಮಗೆ ಈ ಮಾತು ಹಿತವಾಗಿಯೇ ಕೇಳಿಸುತ್ತದೆ. ಕೃಪೆ ಇರಲಿಲ್ಲವೆಂದು ಹೇಳುವ ಧಾರ್ಷ್ಟ್ಯ ಯಾರಿಗೂ ಬೇಡ. ಹಗಲಾಗಿತ್ತು, ನದಿ ಅಗಲವಾಗಿತ್ತು, ಜನರನ್ನು ದಾಟಿಸುವ ದೋಣಿಗಳು ಹತ್ತಿರದಲ್ಲಿಯೇ ಓಡಾಡುತ್ತಿದ್ದವು. ಅಪಘಾತವನ್ನು ತನಿಖೆಮಾಡಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯೂ ಅದೃಷ್ಟದ ಪಾಲನ್ನು ಒಪ್ಪಿಕೊಂಡಿದೆ: ಆ ಮಾರ್ಗದಲ್ಲಿ ಕಡ್ಡಾಯವಲ್ಲದಿದ್ದರೂ ಅಂದು ಹೊರಟದ್ದು ಸಮುದ್ರಯಾನಕ್ಕೆ ಬೇಕಾದ ತೇಲುತೆಪ್ಪಗಳನ್ನು ಹೊಂದಿದ್ದ ವಿಮಾನವಾಗಿದ್ದುದು ಒಂದು ಸುಯೋಗವೆಂದು ಅದು ಬರೆಯಿತು. ಆದರೆ ಅದೇ ಮಂಡಳಿ ಇನ್ನುಳಿದ ಕಾರಣಗಳನ್ನೂ ಎಣಿಸಿತು. ಚಾಲಕರಿಬ್ಬರ ನಿರ್ಣಯ ಹಾಗೂ ಪರಸ್ಪರ ಸಹಕಾರ, ಒಳಗಿನ ಪರಿಚಾರಕಿಯರ ಕಾರ್ಯದಕ್ಷತೆ, ದೋಣಿಯವರ ತತ್‌ಕ್ಷಣದ ನೆರವು. ಈ ಮೂರರಲ್ಲಿ ಒಂದೂ ಆಕಾಶದಿಂದ ಉದುರಿದುದಲ್ಲ. ಮಳೆ ದೈವದ ಕೊಡುಗೆಯೆಂಬುದು ದಿಟ. ಆದರೆ ಕೆರೆಯ ಏರಿ ಮುಂಚೆಯೇ ಕಟ್ಟಿದ್ದವನಿಗೆ ಮಾತ್ರ ಆ ಮಳೆ ಬೆಳೆಯಾಗಿ ಕೈಸೇರುತ್ತದೆ.

ಆ ಏರಿಯನ್ನು ಹೇಗೆ ಕಟ್ಟಲಾಗಿತ್ತೆಂಬುದನ್ನು ನೋಡೋಣ. ಸಲೆನ್‌ಬರ್ಗರ್ ಆಗ 57 ವರ್ಷದವರು. ಸುಮಾರು 20,000 ಗಂಟೆಗಳ ಹಾರಾಟದ ಅನುಭವವುಳ್ಳವರು. ನಲವತ್ತೆರಡು ವರ್ಷಗಳಿಂದ ಅನುಭವವೆಂಬ ಬ್ಯಾಂಕಿನಲ್ಲಿ ತಾವು ಸಣ್ಣ ಸಣ್ಣ ಮೊತ್ತವನ್ನು ಜಮೆ ಮಾಡುತ್ತ ಬಂದಿದ್ದು, ಅಂದು ಒಮ್ಮೆಗೇ ದೊಡ್ಡ ಮೊತ್ತವನ್ನು ಹಿಂದಕ್ಕೆ ಪಡೆಯಬೇಕಾಯಿತೆಂಬ ಅರ್ಥದ ಮಾತನ್ನು ಅವರು ಅನಂತರ ಆಡಿದರು. ಸಹಚಾಲಕ ಜೆಫ್ ಸ್ಕೈಲ್ಸ್ ಅವರೂ ನುರಿತ ಚಾಲಕರೇ. ಆದರೆ ಎ-320 ಜಾತಿಯ ವಿಮಾನದಲ್ಲಿ ಅವರ ಅನುಭವ ಕೇವಲ 37 ಗಂಟೆ. ಹೊಸದಾಗಿ ಕಲಿತು ಬಂದಿದ್ದುದರಿಂದ ಪಾಠ ಇನ್ನೂ ಹಸಿಯಾಗಿತ್ತು. ಹಿರಿಯರು ವಿಮಾನದ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಂಡೊಡನೆ ಕಿರಿಯರು ತುರ್ತುಸೂಚನೆಗಳ ಪುಸ್ತಕವನ್ನು ತೆರೆದು ಎಂಜಿನ್‌ಗಳಿಗೆ ಮರುಜೀವ ಕೊಡುವ ಯತ್ನದಲ್ಲಿ ತೊಡಗಿದರು. ಇದು ನಿನ್ನ ಕೆಲಸ, ಅದು ನನ್ನ ಕೆಲಸ ಎಂದು ಚರ್ಚಿಸುವ ಅಗತ್ಯವೇ ಬೀಳಲಿಲ್ಲ. ಕೆಲಸದ ಹಂಚಿಕೆ ಎಷ್ಟೋ ವರ್ಷಗಳ ಹಿಂದೆಯೇ, ಆಪತ್ತಿಲ್ಲದ ದಿನಗಳಲ್ಲಿ, ತೀರ್ಮಾನವಾಗಿತ್ತು.

ಇಲ್ಲಿಯೇ ಆಕ್ಷೇಪವೊಂದು ಏಳುತ್ತದೆ. ಗಿಳಿಗೆ ಕಲಿಸಿದ ಮಾತನ್ನು ಗಿಳಿ ಆಡುತ್ತದೆ; ಅದರಲ್ಲಿ ಗಿಳಿಯ ಹೆಚ್ಚುಗಾರಿಕೆಯೇನು? ಕಲಿತುದನ್ನು ಒಪ್ಪಿಸಿದವನನ್ನು ಧೀರನೆನ್ನುವುದಾದರೂ ಹೇಗೆ? ಆಕ್ಷೇಪ ಮೇಲ್ನೋಟಕ್ಕೆ ಬಲವಾಗಿ ಕಾಣುತ್ತದೆ. ಅಂದು ನಡೆದ ವಿವರಗಳೇ ಅದಕ್ಕೆ ಉತ್ತರ ಹೇಳುತ್ತವೆ. ಎರಡು ಎಂಜಿನ್‌ಗಳೂ ನಿಂತಾಗ ಅನುಸರಿಸಬೇಕಾದ ಆ ಸೂಚನಾಪಟ್ಟಿ ಮೂರು ಪುಟಗಳಷ್ಟಿತ್ತು. ವಿಮಾನ 20,000 ಅಡಿಗಿಂತ ಮೇಲಿರುವಾಗ, ಸಾಕಷ್ಟು ಸಮಯ ಕೈಯಲ್ಲಿರುತ್ತದೆಂಬ ಲೆಕ್ಕದಿಂದ ಅದನ್ನು ರಚಿಸಲಾಗಿತ್ತು. ಮೂರೂವರೆ ನಿಮಿಷದಲ್ಲಿ ಅದನ್ನು ಮುಗಿಸುವುದು ಅಶಕ್ಯ. ಮೊದಲ ಪುಟದ ಆಚೆಗೆ ಹೋಗಲು ಅವರಿಗೆ ಕಾಲವೇ ಸಿಗಲಿಲ್ಲ. ವಿಮಾನಕ್ಕೆ ವಿದ್ಯುತ್ತನ್ನೊದಗಿಸುವ ಸಹಾಯಕ ಯಂತ್ರವನ್ನು ಚಾಲೂ ಮಾಡುವ ಸೂಚನೆ ಆ ಪಟ್ಟಿಯಲ್ಲಿ ಬಹಳ ಕೆಳಗೆ ಇತ್ತು. ಸಲೆನ್‌ಬರ್ಗರ್ ಅದನ್ನು ಸರದಿಗೆ ಕಾಯದೆ ಮೊದಲೇ ಚಾಲೂ ಮಾಡಿದರು. ಅದರಿಂದ ವಿಮಾನದ ನಿಯಂತ್ರಣವ್ಯವಸ್ಥೆ ಕೊನೆಯವರೆಗೂ ಚಾಲಕನ ಕೈಗೆ ಸರಿಯಾಗಿ ದಕ್ಕಿತೆಂದು ತನಿಖೆ ಮೆಚ್ಚಿ ಹೇಳಿತು.

ಗಿಳಿ ಹೀಗೆ ಮಾಡಲಾರದು. ಪಾಠ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಗಿಳಿ ಸುಮ್ಮನಾಗುತ್ತದೆ. ಅಭ್ಯಾಸಿಯ ವಿವೇಕ ಅಲ್ಲಿಂದಲೇ ಕೆಲಸಕ್ಕೆ ತೊಡಗುತ್ತದೆ. ಸಾವಿರ ಸಲ ಮಾಡಿದ ಕೆಲಸವನ್ನು ಕೈಗಳು ತಾವಾಗಿಯೇ ಮಾಡತೊಡಗಿದಾಗ ಬುದ್ಧಿಗೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿಯೇ ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬ ವಿವೇಚನೆ ಸಾಧ್ಯ. ಅಭ್ಯಾಸವಿಲ್ಲದವನ ಬುದ್ಧಿ ಭಯದಲ್ಲಿಯೇ ವ್ಯಯವಾಗಿಹೋಗುತ್ತದೆ. ಆದುದರಿಂದ ಅಭ್ಯಾಸವು ಮನುಷ್ಯನನ್ನು ಯಂತ್ರವಾಗಿಸುತ್ತದೆಂಬ ಮಾತು ಅರ್ಧಸತ್ಯ. ಅಂತಃಕರಣವಿಟ್ಟು ಮಾಡಿದ ಅಭ್ಯಾಸ ಅವನನ್ನು ಸ್ವತಂತ್ರನನ್ನಾಗಿಸುತ್ತದೆ.

ಚಾಲಕರಿಗೆ ಜಗತ್ತಿನ ಪ್ರಶಂಸೆ ದೊರೆಯಿತು, ಅದು ಯೋಗ್ಯವೂ ಹೌದು. ಆದರೆ ಒಳಗೆ ಪ್ರಯಾಣಿಕರ ನಡುವೆ ಇದ್ದ ಮೂವರು ಪರಿಚಾರಕಿಯರ ನಡತೆಯಲ್ಲಿ ನಾವು ಕಲಿಯತಕ್ಕ ಪಾಠ ಇನ್ನೂ ಸೂಕ್ಷ್ಮವಾದುದು. ಷೀಲಾ ಡೇಲ್, ಡೋನಾ ಡೆಂಟ್, ಡೊರೀನ್ ವೆಲ್ಷ್ ಎಂಬ ಈ ಮೂವರೂ ಇಪ್ಪತ್ತೈದು ವರ್ಷಗಳಿಗೂ ಮಿಗಿಲಾದ ಸೇವೆ ಸಲ್ಲಿಸಿದ್ದವರು. ಹೊಡೆತಕ್ಕೆ ಸಿದ್ಧರಾಗಿರೆಂಬ ಒಂದೇ ಎಚ್ಚರಿಕೆ ಚಾಲಕರಿಂದ ಬಂದಿತು. ವಿಮಾನ ನೆಲಕ್ಕೆ ಬೀಳುತ್ತಿದೆಯೋ ನೀರಿಗೆ ಇಳಿಯುತ್ತಿದೆಯೋ ಎಂಬುದು ಅವರಿಗೆ ತಿಳಿದಿರಲಿಲ್ಲ. ತಲೆ ತಗ್ಗಿಸಿ ಹಾಗೆಯೇ ಇರಿ ಎಂಬ ಕಲಿತ ಆಜ್ಞೆಯನ್ನು ಅವರು ಒಂದೇ ಸ್ವರದಲ್ಲಿ ಕೂಗುತ್ತ ಹೋದರು. ಮುಂದಿನದು ತಿಳಿಯದಿದ್ದರೂ ಮುಂದಿನ ಕರ್ತವ್ಯ ತಿಳಿದಿರುವುದೆಂದರೆ ಇದೇ.

ವಿಮಾನದ ಹಿಂಭಾಗ ಒಡೆದು ನೀರು ನುಗ್ಗತೊಡಗಿದಾಗ ಅಲ್ಲಿದ್ದ ವೆಲ್ಷ್ ಅವರ ಕಾಲಿಗೆ ಆಳವಾದ ಗಾಯವಾಗಿತ್ತು. ಹಿಂದಿನ ಬಾಗಿಲುಗಳಿಂದ ಹೊರಹೋಗುವುದು ಅಸಾಧ್ಯವೆಂದು ಅರಿತು ಅವರು ಜನರನ್ನು ಮುಂದಿನ ಬಾಗಿಲುಗಳ ಕಡೆಗೆ ಕಳುಹಿಸಿದರು. ನೀರು ಏರುತ್ತಿರುವಾಗ ಎಲ್ಲರಿಗೂ ಮೊದಲು ತಾನು ಹೊರಗೋಡಬೇಕೆಂಬುದು ಪ್ರಾಣಿಸಹಜವಾದ ಪ್ರವೃತ್ತಿ. ಅದನ್ನು ಹಿಂದಕ್ಕೆ ತಳ್ಳಿ, ಮೊದಲು ನೀವು, ಕೊನೆಗೆ ನಾನು ಎನ್ನುವ ಕ್ರಮ ಆ ಕ್ಷಣದ ಆಲೋಚನೆಯಿಂದ ಬರುವಂತಹುದಲ್ಲ. ಆಲೋಚಿಸಲು ಅಲ್ಲಿ ವೇಳೆಯೇ ಇಲ್ಲ. ಆ ಸಂಕಲ್ಪವನ್ನು ಅವರು ಎಂದೋ ಮಾಡಿ ಮುಗಿಸಿದ್ದರು. ಮುಖ್ಯ ಚಾಲಕರೂ ಹಾಗೆಯೇ, ನೀರು ತುಂಬುತ್ತಿದ್ದ ವಿಮಾನದೊಳಗೆ ಎರಡು ಸಲ ಕೊನೆಯವರೆಗೂ ನಡೆದು, ಯಾರೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ತಾವು ಕಡೆಯವರಾಗಿ ಹೊರಬಂದರು.

ಈ ಉದ್ಯೋಗದ ತರಬೇತಿಯಲ್ಲಿರುವ ವಿಶೇಷವನ್ನೂ ಗಮನಿಸಬೇಕು. ಚಾಲಕರು ನೆಲದ ಮೇಲಿನ ಸಿಮ್ಯುಲೇಟರ್ ಎಂಬ ಕೃತಕ ವಿಮಾನದಲ್ಲಿ ಕುಳಿತು, ಎಂಜಿನ್ ಕೆಡುವುದು, ಬೆಂಕಿ ಹತ್ತುವುದು ಮುಂತಾದ ಸಂಕಟಗಳನ್ನು ಮತ್ತೆ ಮತ್ತೆ ಎದುರಿಸಿ ಪರೀಕ್ಷೆಗೊಳಗಾಗುತ್ತಾರೆ. ಪರಿಚಾರಕಿಯರು ಈಜುಕೊಳಕ್ಕಿಳಿದು ಜೀವರಕ್ಷಕ ಅಂಗಿ ತೊಟ್ಟು ತೇಲುತೆಪ್ಪ ಹತ್ತುವುದನ್ನು ಕಲಿಯುತ್ತಾರೆ. ತುಂಬಿದ ವಿಮಾನವನ್ನು ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡುಗಳಲ್ಲಿ ತೆರವುಗೊಳಿಸಲು ಸಾಧ್ಯವಾಗಬೇಕೆಂಬುದು ವಿಮಾನಗಳ ವಿನ್ಯಾಸಕ್ಕೆ ವಿಧಿಸಲಾಗಿರುವ ನಿಯಮ. ಇಷ್ಟೆಲ್ಲ ಕಲಿತ ಸಿಬ್ಬಂದಿಯಲ್ಲಿ ಬಹುತೇಕ ಮಂದಿಗೆ ಇಡೀ ಸೇವಾವಧಿಯಲ್ಲಿ ಒಮ್ಮೆಯೂ ಈ ವಿದ್ಯೆಯನ್ನು ಬಳಸುವ ಪ್ರಸಂಗ ಬರುವುದಿಲ್ಲ. ಚಹಾ ಕೊಟ್ಟು, ಊಟ ಕೊಟ್ಟು, ನಗುಮುಖದಿಂದ ಬೀಳ್ಕೊಟ್ಟು ನಿವೃತ್ತರಾಗುತ್ತಾರೆ. ಹಾಗಾದರೆ ಆ ಅಭ್ಯಾಸವೆಲ್ಲ ವ್ಯರ್ಥವಾಯಿತೆ? ಫಲ ಕಾಣದ ಕೆಲಸವನ್ನು ಫಲ ಬಂದೇಬರುವುದೆಂಬಷ್ಟು ಶ್ರದ್ಧೆಯಿಂದ ಮಾಡುವುದೇ ಕಾಯಕದ ಅತ್ಯಂತ ಕಠಿಣವಾದ ರೂಪವೆಂದು ತೋರುತ್ತದೆ. ಬೆಳೆದ ಪೈರನ್ನು ಕಂಡು ರೈತ ಸಂತೋಷಪಡಬಹುದು, ನೇಯ್ದ ಬಟ್ಟೆಯನ್ನು ಕಂಡು ನೇಕಾರ ಹಿಗ್ಗಬಹುದು. ಆಪತ್ತಿಗಾಗಿ ಸಿದ್ಧನಾದವನ ಸಂತೋಷವಾದರೋ ತನ್ನ ವಿದ್ಯೆ ಬಳಕೆಗೆ ಬಾರದಿರಲಿ ಎಂಬ ಹಾರೈಕೆಯಲ್ಲಿದೆ.

ಹಡ್ಸನ್ ನದಿಯ ಸಂಗತಿ ದೂರದೇಶದ್ದು. ನಮ್ಮ ನಾಡಿನ ಒಂದು ದುಃಖದ ಘಟನೆ ಇದೇ ಪಾಠವನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ನೆತ್ತಿಯ ಮೇಲಿನ ಓಟದ ಹಾದಿಯಲ್ಲಿ ಇಳಿಯುವಾಗ ಹಾದಿಯನ್ನು ಮೀರಿ ಹೋಗಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ 158 ಮಂದಿ ಮೃತರಾದರು. ಬದುಕುಳಿದವರು ಎಂಟೇ ಮಂದಿ. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಸಹಚಾಲಕರು ಮೂರು ಸಲ ಹೇಳಿದರೂ ಮುಖ್ಯ ಚಾಲಕರು ಇಳಿಸುವ ಯತ್ನವನ್ನು ಮುಂದುವರಿಸಿದರೆಂದು ತನಿಖಾ ನ್ಯಾಯಾಲಯ ತೀರ್ಮಾನಿಸಿತು. ಮುಖ್ಯ ಚಾಲಕರಿಗೆ ಅನುಭವಕ್ಕೆ ಕೊರತೆಯಿರಲಿಲ್ಲ. ಸಾವಿರಾರು ಗಂಟೆ ಹಾರಿದವರು. ತೀರಿಹೋದವರನ್ನು ಆಡಿಕೊಳ್ಳುವುದು ಧರ್ಮವಲ್ಲ. ಪ್ರಯಾಣದ ಬಹುಭಾಗ ಅವರು ನಿದ್ರಿಸಿದ್ದರೆಂಬುದೂ ತನಿಖೆಯಲ್ಲಿ ಕಂಡುಬಂದುದರಿಂದ, ಮನುಷ್ಯಸಹಜವಾದ ದಣಿವು, ಮಂಪರುಗಳ ಪಾಲನ್ನೂ ನಾವು ಮರೆಯಲಾಗದು. ಆದರೆ ಕಿರಿಯನ ಬಾಯಿಂದ ಬಂದ ಸತ್ಯಕ್ಕೆ ಹಿರಿಯನ ಕಿವಿ ತೆರೆಯದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ಬೇಕಿಲ್ಲ.

ಇದು ಒಬ್ಬ ವ್ಯಕ್ತಿಯ ದೋಷವಷ್ಟೇ ಅಲ್ಲವೆಂಬುದನ್ನು ವಿಮಾನಯಾನದ ಇತಿಹಾಸ ತೋರಿಸುತ್ತದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ಭಾರಿ ವಿಮಾನಗಳು ಓಟದ ಹಾದಿಯ ಮೇಲೆಯೇ ಡಿಕ್ಕಿಹೊಡೆದು 583 ಮಂದಿ ಸತ್ತರು. ಅಲ್ಲಿಯೂ, ಎದುರಿನ ವಿಮಾನ ಹಾದಿಯನ್ನು ತೆರವುಮಾಡಿದೆಯೆ ಎಂದು ಕಿರಿಯನೊಬ್ಬ ಎತ್ತಿದ ಸಂಶಯವನ್ನು ಹಿರಿಯ ಚಾಲಕ ಬದಿಗೊತ್ತಿದ್ದ. ಇಂತಹ ದುರಂತಗಳ ತರುವಾಯವೇ, ಕಿರಿಯನು ಸಂಕೋಚವಿಲ್ಲದೆ ಹೇಳುವುದನ್ನೂ ಹಿರಿಯನು ಅಹಂಕಾರವಿಲ್ಲದೆ ಕೇಳುವುದನ್ನೂ ವಿಮಾನಸಿಬ್ಬಂದಿಗೆ ಒಂದು ವಿದ್ಯೆಯಾಗಿ ಕಲಿಸುವ ಪದ್ಧತಿ ಬೆಳೆಯಿತು. ಹಡ್ಸನ್ ನದಿಯ ಮೇಲೆ, ನೀರು ಮುಟ್ಟಲು ಕೆಲವೇ ಸೆಕೆಂಡುಗಳಿದ್ದಾಗ, ನಿಮಗೇನಾದರೂ ತೋಚುತ್ತಿದೆಯೆ ಎಂದು ಸಲೆನ್‌ಬರ್ಗರ್ ತಮ್ಮ ಸಹಚಾಲಕರನ್ನು ಕೇಳಿದರು. ಇಪ್ಪತ್ತು ಸಾವಿರ ಗಂಟೆ ಹಾರಿದವರು, ಈ ವಿಮಾನದಲ್ಲಿ ಮೂವತ್ತೇಳು ಗಂಟೆ ಹಾರಿದವರನ್ನು ಕೇಳಿದ ಪ್ರಶ್ನೆ ಅದು! ವಿನಯವೂ ಅಭ್ಯಾಸದಿಂದ ಬರತಕ್ಕದ್ದೆಂಬುದನ್ನು ಇದರಿಂದ ನಾವು ಮನಗಾಣಬೇಕು. ಹಿರಿತನವೆಂಬುದು ಮಾತನಾಡುವ ಅಧಿಕಾರ ಮಾತ್ರವಲ್ಲ, ಕೇಳಿಸಿಕೊಳ್ಳುವ ಹೊಣೆಯೂ ಹೌದು. ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಸಂಘಸಂಸ್ಥೆಗಳಲ್ಲಿ ಎಷ್ಟು ಮಂದಿ ಹಿರಿಯರು ಈ ಪರೀಕ್ಷೆಯಲ್ಲಿ ತೇರ್ಗಡೆಯಾದಾರು?

ಇನ್ನು ಪ್ರಯಾಣಿಕನ ಪಾಲು. ರಕ್ಷಿಸುವವನಿಗೆ ಧರ್ಮವಿರುವಂತೆ ರಕ್ಷಣೆ ಪಡೆಯುವವನಿಗೂ ಧರ್ಮವಿದೆ. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನವೊಂದು ಇಂಧನ ಮುಗಿದು ಕೊಮೊರೊ ದ್ವೀಪಗಳ ಬಳಿ ಸಮುದ್ರಕ್ಕಿಳಿಯಿತು. ಅದರಲ್ಲಿದ್ದ 175 ಮಂದಿಯಲ್ಲಿ 125 ಮಂದಿ ಮೃತರಾದರು. ಅವರಲ್ಲಿ ಹಲವರು ಜೀವರಕ್ಷಕ ಅಂಗಿಗೆ ವಿಮಾನದೊಳಗಿರುವಾಗಲೇ ಗಾಳಿ ತುಂಬಿಸಿಕೊಂಡಿದ್ದರು. ನೀರು ನುಗ್ಗಿದಾಗ ಆ ಅಂಗಿಯೇ ಅವರನ್ನು ಮೇಲಕ್ಕೆತ್ತಿ ಛಾವಣಿಗೆ ಒತ್ತಿ ಹಿಡಿಯಿತು. ಮುಳುಗಿ ಬಾಗಿಲಿನಿಂದ ಹೊರಬರುವುದು ಸಾಧ್ಯವಾಗಲಿಲ್ಲ. ಹೊರಗೆ ಬಂದ ಮೇಲೆಯೇ ಗಾಳಿ ತುಂಬಿಸಿರೆಂದು ಪರಿಚಾರಕಿ ಪ್ರತಿ ಸಲವೂ ಹೇಳುವ, ನಾವು ಪ್ರತಿ ಸಲವೂ ಕೇಳದೆ ಬಿಡುವ, ಆ ಒಂದು ವಾಕ್ಯದ ತೂಕ ಇಷ್ಟು. ಹಡ್ಸನ್ ನದಿಗಿಳಿದ ವಿಮಾನದಲ್ಲಿಯೂ ಹೆಚ್ಚಿನ ಪ್ರಯಾಣಿಕರು ಅಂದಿನ ಸುರಕ್ಷಾಸೂಚನೆಯನ್ನು ನೋಡಿರಲಿಲ್ಲವೆಂದು ತನಿಖೆಯಿಂದ ತಿಳಿದುಬಂತು. ಒಬ್ಬರು ನಮ್ಮ ಪ್ರಾಣದ ಬಗ್ಗೆ ಮಾತನಾಡುತ್ತಿರುವಾಗ ಮುಖ ತಿರುಗಿಸುವುದು ಅವರ ಶ್ರಮಕ್ಕೆ ತೋರಿದ ಅನಾದರ ಮಾತ್ರವಲ್ಲ, ಪಕ್ಕದಲ್ಲಿ ಕುಳಿತವರಿಗೆ ಮಾಡಿದ ಅಪಚಾರವೂ ಹೌದು. ದಾರಿ ತಿಳಿಯದೆ ತಡಬಡಿಸುವವನು ತನ್ನ ಹಿಂದಿನವರ ದಾರಿಯನ್ನೂ ಕಟ್ಟುತ್ತಾನೆ.

ಮಲೆನಾಡಿನ ನಮಗೆ ನೀರು ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ ಸಾಗರ ತಾಲ್ಲೂಕಿನ ತುಮರಿ ಸೀಮೆಯ ಜನ ದಶಕಗಳ ಕಾಲ ಲಾಂಚನ್ನೇ ನಂಬಿದ್ದರು. ಶಾಲೆಯ ಮಕ್ಕಳು, ಬಸುರಿಯರು, ಸಿಗಂದೂರಿನ ಯಾತ್ರಿಕರು, ಬಸ್ಸುಗಳು ಸಹ ಅದರ ಮೇಲೆಯೇ ದಾಟಿದರು. ನೀರು ಇಳಿದಾಗ ವಾಹನ ಹತ್ತಿಸಲಾಗದೆಂದು ಹೇಳುವ ಲಾಂಚಿನವನ ಮೇಲೆ ಜನ ಸಿಟ್ಟಾಗುವುದು ಸಹಜ. ಆದರೆ ಅವನ ಆ ನಿಷ್ಠುರವಾದ ಇಲ್ಲ ಎಂಬ ಮಾತಿನಲ್ಲಿಯೇ ಜನರ ಕ್ಷೇಮವಿತ್ತು. 2025ರ ಜುಲೈ ತಿಂಗಳಿನಲ್ಲಿ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವಣ ಸೇತುವೆ ಸಂಚಾರಕ್ಕೆ ತೆರೆಯಿತು. ಅಲ್ಲಿ ಲಾಂಚಿಗೆ ಕಾಯುವ ಕಷ್ಟ ತೀರಿತು. ಆದರೆ ನೀರಿನ ಭಯ ಎಲ್ಲೆಡೆಯೂ ತೀರಿಲ್ಲ. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ತಾಲ್ಲೂಕಿನ ಹಾಡೋನಹಳ್ಳಿಯ ಬಳಿ ಗಣಪತಿ ವಿಸರ್ಜನೆಗೆ ಹೋದವರ ತೆಪ್ಪ ಹೊಳೆಯಲ್ಲಿ ಮಗುಚಿ 12 ಮಂದಿ ಯುವಕರು ಜಲಸಮಾಧಿಯಾದುದನ್ನು ಈ ಜಿಲ್ಲೆ ಮರೆತಿಲ್ಲ. ಉತ್ಸವದ ಉತ್ಸಾಹ ಎಷ್ಟು ಪವಿತ್ರವಾಗಿದ್ದರೂ ಹೊಳೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವಿಮಾನಸಿಬ್ಬಂದಿಯ ಧರ್ಮ ವಿಮಾನಕ್ಕಷ್ಟೇ ಸೀಮಿತವಾದುದಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ, ಹುಲಿಕಲ್ ಘಾಟಿಯ ಮಂಜಿನಲ್ಲಿ ಬಸ್ಸು ನಡೆಸುವ ಚಾಲಕ. ಆಷಾಢದ ಮಳೆಯಲ್ಲಿ ಕಂಬವೇರುವ ಲೈನ್‌ಮನ್. ನಡುರಾತ್ರಿ ಹೆರಿಗೆಗೆ ನಿಲ್ಲುವ ದಾದಿ. ನೂರಾರು ಮಕ್ಕಳು ಮಲಗುವ ವಿದ್ಯಾರ್ಥಿನಿಲಯದ ಮೇಲ್ವಿಚಾರಕ. ಪರರ ಪ್ರಾಣವನ್ನು ಕೈಯಲ್ಲಿ ಹಿಡಿದವರೆಲ್ಲರೂ ಇದೇ ಪಂಕ್ತಿಗೆ ಸೇರಿದವರು. ಆ ನಿಲಯದಲ್ಲಿ ಬೆಂಕಿ ಹತ್ತಿದರೆ ಮಕ್ಕಳು ಯಾವ ಬಾಗಿಲಿನಿಂದ ಹೊರಬರಬೇಕು, ಆ ಬಾಗಿಲಿನ ಬೀಗದಕೈ ಯಾರ ಬಳಿ ಇದೆ, ಜಾತ್ರೆಯ ತೆಪ್ಪೋತ್ಸವದಲ್ಲಿ ಈಜುಬಲ್ಲವರು ಯಾರು ನಿಂತಿರುತ್ತಾರೆ ಎಂಬ ಪ್ರಶ್ನೆಗಳು ಅಶುಭವೆಂದು ನಾವು ಬಾಯಿಬಿಡುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ನಗುವ ನಾವೇ ಬಾವಿ ತೋಡುವ ಮಾತನ್ನು ಅಪಶಕುನವೆನ್ನುತ್ತೇವೆ. ಮುನ್ನೆಚ್ಚರಿಕೆ ಅವಿಶ್ವಾಸದ ಗುರುತಲ್ಲ, ಅದು ಪ್ರೀತಿಯ ಒಂದು ರೂಪ.

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದಾಗಿದೆ. ತರಬೇತಿಯಿಂದ ಮಾಡಿದ ಒಳ್ಳೆಯ ಕೆಲಸ ಸದ್ಗುಣವೇ. ಏಕೆಂದರೆ ಅದರ ಹಿಂದಿನ ಆಯ್ಕೆ ಆ ಮೂರೂವರೆ ನಿಮಿಷಗಳದ್ದಲ್ಲ, ಅದರ ಹಿಂದಿನ ಸಾವಿರಾರು ದಿನಗಳದ್ದು. ಪ್ರಶಂಸಿಸುವವರು ಯಾರೂ ಇಲ್ಲದಾಗ, ಬೇಸರ ಬಂದಾಗ, ಇಂದೊಂದು ದಿನ ಬಿಟ್ಟರೆ ಏನಾದೀತೆಂದು ಮನಸ್ಸು ಪಿಸುಗುಟ್ಟಿದಾಗ, ಬಿಡದೆ ಮಾಡಿದವನು ಪ್ರತಿದಿನವೂ ಧರ್ಮವನ್ನೇ ಆರಿಸಿಕೊಂಡಿದ್ದಾನೆ. ಆಪತ್ತಿನ ಗಳಿಗೆ ಅದನ್ನು ಲೋಕಕ್ಕೆ ಕಾಣಿಸುತ್ತದೆ, ಅಷ್ಟೆ. ಆ ಗಳಿಗೆ ಬಾರದಿದ್ದರೆ ಲೋಕಕ್ಕೆ ಏನೂ ಕಾಣಿಸದು. ಆದರೂ ಅವನು ಗಳಿಸಿದ ಯೋಗ್ಯತೆಯಲ್ಲಿ ಎಳ್ಳಷ್ಟೂ ಕೊರತೆಯಾಗದು. ಮುಂದಿನ ಸಲ ಪರಿಚಾರಕಿ ನಡುದಾರಿಯಲ್ಲಿ ನಿಂತು ಕೈಯೆತ್ತಿದಾಗ ಕಿಟಕಿಯಿಂದ ಮುಖ ತಿರುಗಿಸಿ ಅವಳನ್ನು ನೋಡುವಷ್ಟು ಗೌರವ, ತಾನು ಕೈಕೊಂಡ ಕೆಲಸದಲ್ಲಿ ಅಂತಹುದೇ ಸಿದ್ಧತೆ ತನಗಿದೆಯೆ ಎಂದು ತನ್ನನ್ನೇ ಕೇಳಿಕೊಳ್ಳುವಷ್ಟು ಪ್ರಾಮಾಣಿಕತೆ ನಮ್ಮಲ್ಲಿ ಪ್ರತಿಯೊಬ್ಬರಿಂದಲೂ ಸಾಧ್ಯ.